ಹನ್ನೊಂದು ಚೀಲ ಅಕ್ಕಿ, ಒಂದು ಕೆಸರಿನ ರೇಸು

ನನ್ನ ಪಿಕಪ್ಪಿನ ಕೆಳಗೆ ಅಂಗಾತ ಮಲಗಿದ್ದ ಮನುಷ್ಯ ಟಾರ್ಚು ಆರಿಸಿ ಹೊರಗೆ ಬಂದ. ಬೆನ್ನಿನ ಮಣ್ಣು ಕೊಡವಿಕೊಂಡು, "ಇದು ಸ್ಟಾಕ್ ಗಾಡಿ ಅಲ್ಲ" ಅಂದ.

"ಏನಂದ್ರಿ?"

"ಹಿಂದೆ ಎರಡೂ ಕಡೆ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಜಾಸ್ತಿ ಇದೆ. ಕಂಪನಿ ಕೊಟ್ಟದ್ದಲ್ಲ. ನಾಳೆ ಬೆಳಿಗ್ಗೆ ಒಂಬತ್ತರೊಳಗೆ ತೆಗೆಸಿ ತಂದರೆ ರೇಸಿನಲ್ಲಿ ಓಡಿಸಬಹುದು. ಇಲ್ಲದಿದ್ದರೆ ಇಲ್ಲ."

ನನಗೆ ತಲೆ ಕೆಟ್ಟುಹೋಯಿತು. ರೇಸು ನಡೆಸುತ್ತಿದ್ದ ಕ್ಲಬ್ಬಿನವರು ಕೋಯಿಕ್ಕೋಡಿನಿಂದ ಕರೆಸಿದ ಪರೀಕ್ಷಕ ಆತ. ಅವನಿಗೆ ನಮ್ಮ ಕಡೆಯ ಕತೆ ಏನು ಗೊತ್ತು? ಇಲ್ಲಿ ಪಿಕಪ್ ಕೊಂಡವನು ಶೋರೂಮಿನಿಂದ ಮನೆಗೆ ಬರುವುದಿಲ್ಲ, ಸೀದಾ ಪ್ಲೇಟಿನ ವರ್ಕ್‌ಶಾಪಿಗೆ ಹೋಗುತ್ತಾನೆ. ಬಾನೆಟ್ಟಿನ ಹಾರ ಬಾಡುವ ಮೊದಲೇ ಹಿಂದಿನ ಸ್ಪ್ರಿಂಗ್ ಕಟ್ಟಿಗೆ ಎರಡು ಪ್ಲೇಟು ಸೇರಿರುತ್ತವೆ. ಶುಂಠಿ ಚೀಲ ಹೇರಬೇಕಲ್ಲ! ನನ್ನ ಗಾಡಿ ಒಂಬತ್ತು ವರ್ಷದಲ್ಲಿ ಒಂದು ದಿನವೂ ಆ ಪ್ಲೇಟಿಲ್ಲದೆ ಓಡಿದ್ದಿಲ್ಲ. ಅರ್ಜಿಯಲ್ಲಿ 'ಗಾಡಿಗೆ ಯಾವ ಬದಲಾವಣೆಯನ್ನೂ ಮಾಡಿಸಿಲ್ಲ' ಎಂದು ನಾನು ಬರೆದದ್ದು ಸುಳ್ಳು ಹೇಳಬೇಕೆಂದಲ್ಲ. ಪ್ಲೇಟು ಹಾಕಿಸುವುದನ್ನು ಬದಲಾವಣೆ ಅನ್ನುತ್ತಾರೆ ಅಂತಲೇ ನನಗೆ ಹೊಳೆದಿರಲಿಲ್ಲ. ನನ್ನ ಹಿಂದೆ ಸಾಲಿನಲ್ಲಿದ್ದ ಆರು ಪಿಕಪ್ಪಿನವರೂ ಇಳಿದು ತಮ್ಮ ತಮ್ಮ ಗಾಡಿಯ ಕೆಳಗೆ ಬಗ್ಗಿ ನೋಡತೊಡಗಿದರು.

ರೇಸಿನಲ್ಲಿ ನನ್ನ ಪಕ್ಕ ಕೂರಬೇಕಿದ್ದ ಭಾವಮೈದ ಇದೇ ಸಂದರ್ಭ ನೋಡಿಕೊಂಡು, "ಭಾವ, ನನಗೆ ಕುತ್ತಿಗೆ ಹಿಡಿದಿದೆ, ನಾಳೆ ಆಗಲ್ಲ" ಅಂದುಬಿಟ್ಟ. ವಾರವಿಡೀ ನನ್ನ ಜೊತೆ ಪ್ರಾಕ್ಟೀಸಿಗೆ ಕೂತು ಅವನ ಕುತ್ತಿಗೆ ನೋಯುತ್ತಿತ್ತು ಅನ್ನುವುದು ನಿಜವೇ. ಆದರೂ ಆ ಗಳಿಗೆಯಲ್ಲಿ ಅವನ ಕುತ್ತಿಗೆಯನ್ನೇ ಹಿಚುಕುವಷ್ಟು ಸಿಟ್ಟು ಬಂತು.

ಈ ರೇಸಿಗೆ ನಾನು ಯಾಕೆ ಅಷ್ಟು ಜೋತುಬಿದ್ದಿದ್ದೆ ಅಂತ ಹೇಳದಿದ್ದರೆ ಇದೆಲ್ಲ ಮೋಜಿನ ಮಾತಾಗಿ ಕಾಣುತ್ತದೆ. ನನ್ನ ಗಾಡಿ ಮೂರು ತಿಂಗಳಿನಿಂದ ಖಾಲಿ ನಿಂತಿತ್ತು. ಒಂದೇ ಒಂದು ಲೋಡಿಗೂ ಯಾರೂ ಕರೆದಿರಲಿಲ್ಲ.

ಮಲಯಾಳದ ಸೀಮೆಯ ಗಡಿಯಂಚಿನ ಕೊಳವಳ್ಳಿಯಲ್ಲಿ ನಮ್ಮದು ಎರಡು ಎಕರೆ ಗದ್ದೆ. ಅದರಿಂದ ಊಟ ನಡೆಯುತ್ತದೆ, ಬದುಕು ನಡೆಯುವುದಿಲ್ಲ. ಬದುಕು ನಡೆಸುತ್ತಿದ್ದದ್ದು ಗಾಡಿ. ಜೊತೆಗೆ ಒಬ್ಬ ಲೋಡಿಂಗಿನವನಿದ್ದ. ಕಾಡು ಕುರುಬರವನು, ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅವನನ್ನು ಅಣ್ಣ ಅಂತ ಕರೆದು ನೀನು ಅನ್ನುತ್ತೇನೆ, ಅವನು ನನಗೆ ಗೌಡ್ರೇ, ನೀವು ಅನ್ನುತ್ತಾನೆ. ಇದು ಹೇಗೆ ಸರಿ ಅಂತ ಇಬ್ಬರೂ ಯಾವತ್ತೂ ಯೋಚಿಸಿದವರಲ್ಲ.

ನಮ್ಮ ಕಡೆ ತೋಟದಿಂದ ಲೋಡು ಏರುವಾಗ ಕಾಗದ ಪತ್ರ ಇರುವುದಿಲ್ಲ. ಲೋಡಿಂಗಿನವನು ಚೀಲ ಎತ್ತಿಟ್ಟು ಲೆಕ್ಕ ಕೂಗುತ್ತಾನೆ. ಡ್ರೈವರು ಆ ಚೀಲದ ಬಾಯಿಯ ಮೇಲೆ ಅಂಗೈ ಇಟ್ಟು ಒಳಗಿರುವುದು ಏನು ಅಂತ ಗಟ್ಟಿಯಾಗಿ ಹೇಳಬೇಕು. "ಒಂದು!" "ಮೆಣಸು!" "ಎರಡು!" "ಮೆಣಸು!" ಯಜಮಾನರು ಜಗಲಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾರೆ. ಕೊನೆಯ ಚೀಲದ ಮೇಲೆ ಕೈ ಇಟ್ಟ ಮೇಲೆಯೇ ಹಗ್ಗ ಬೀಳುವುದು. ಅಲ್ಲಿಂದ ಮುಂದೆ ಏನೇ ಆದರೂ ಅದಕ್ಕೆ ಡ್ರೈವರೇ ಜವಾಬ್ದಾರ.

ಆ ವರ್ಷ ಭೂಮಿಯಿಲ್ಲದ ಕಾಡಿನ ಜನ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡು ಭೂಮಿ ಕೊಡಿ ಅಂತ ಸಮರ, ಅಂದರೆ ಧರಣಿ, ಕೂತಿದ್ದರು. ನಮ್ಮ ಲೋಡಿಂಗಿನ ಅಣ್ಣನ ಹೆಂಡತಿ ಮಕ್ಕಳೂ ಅಲ್ಲೇ ಇದ್ದರು. ಅದೇ ಹೊತ್ತಿಗೆ ಕಾಡಿನೊಳಗೆ ಬಂದೂಕಿನವರು ಓಡಾಡುತ್ತಾರೆ ಅಂತ ಸುದ್ದಿ. ಬಾವಲಿ ಚೆಕ್‌ಪೋಸ್ಟಿನಲ್ಲಿ ಕಮಾಂಡೋಗಳು ತರಕಾರಿ ಬುಟ್ಟಿಯನ್ನೂ ಬಿಡದೆ ಕೆದಕುತ್ತಿದ್ದರು. ಒಂದು ದಿನ ಅಣ್ಣ, "ಗೌಡ್ರೇ, ಗುಡಿಸಲಿಗೆ ಹನ್ನೊಂದು ಚೀಲ ಅಕ್ಕಿ ಮುಟ್ಟಿಸಬೇಕು" ಅಂದ. ಮುಟ್ಟಿಸಿದೆ. ಎಂದಿನಂತೆ ಅವನು ಕೂಗಿದ, ನಾನು ಕೈ ಇಟ್ಟು ಹೇಳಿದೆ. ಹನ್ನೊಂದು ಸಲ ಅಕ್ಕಿ ಅಂದೆ.

ವಾರ ಕಳೆಯುವುದರೊಳಗೆ ಅಲ್ಲೇ ಹತ್ತಿರದ ಬಸ್ ಶೆಲ್ಟರಿನಲ್ಲಿ ಯಾರೋ ಬಂದೂಕಿನವರ ಹೆಸರಿನಲ್ಲಿ ಕೆಂಪು ಅಕ್ಷರದ ಪೋಸ್ಟರು ಅಂಟಿಸಿ ಹೋದರು. ಮಾರನೆಯ ದಿನ ಪೊಲೀಸರು ಬಂದು ನನ್ನ ಗಾಡಿ ಒಯ್ದರು. ಅಕ್ಕಿ ಗುಡಿಸಲಿನಿಂದ ಕಾಡಿಗೆ ಹೋಯಿತೇ ಅನ್ನುವುದು ಅವರ ಪ್ರಶ್ನೆ. ಎಸ್‌.ಐ. ತೆಂಕಣ ಕಡೆಯವರು, ನಮ್ಮ ಜಿಲ್ಲೆಗೆ ಹೊಸಬರು. ಗಾಡಿಯ ಹಿಂಭಾಗ ತೋರಿಸಿ, "ಇಷ್ಟು ಪ್ಲೇಟು ಯಾಕೆ? ಅಂಥ ಭಾರದ್ದು ಏನು ಸಾಗಿಸ್ತೀಯ?" ಅಂತ ಕೇಳಿದ್ದರು. ಶುಂಠಿ ಸಾರ್ ಅಂದರೆ ನಂಬಲಿಲ್ಲ.

ನಾಲ್ಕನೆಯ ದಿನ ಸ್ಟೇಷನ್ನಿನ ರೈಟರು ಮಲಯಾಳದಲ್ಲಿ ಒಂದು ಹೇಳಿಕೆ ಬರೆದು ಮುಂದಿಟ್ಟರು. ಚೀಲಗಳಲ್ಲಿ ಏನಿತ್ತೆಂದು ನನಗೆ ಗೊತ್ತಿರಲಿಲ್ಲ, ಲೋಡಿಂಗಿನವನು ಹೇರಿ, ಹೇಳಿದ ಕಡೆ ಇಳಿಸಿದ, ಇಷ್ಟೇ. ಓದಲು ಬರಲಿಲ್ಲ ಅನ್ನುವ ನೆಪ ನನಗಿಲ್ಲ. ನಾನು ಕಲಿತದ್ದೇ ಮಲಯಾಳಂ ಶಾಲೆಯಲ್ಲಿ. ಎರಡು ಸಲ ಓದಿದೆ. ಸಹಿ ಹಾಕಿದೆ. ಗಾಡಿ ಕೊಟ್ಟರು. ಅಣ್ಣನಿಗೆ ಪ್ರತಿ ಸೋಮವಾರ ಸ್ಟೇಷನ್ನಿಗೆ ಬಂದು ಸಹಿ ಹಾಕಬೇಕೆಂದು ತಾಕೀತು ಮಾಡಿದರು. ಆಮೇಲೆ ನಾನು ಅವನ ಮುಖ ನೋಡಲು ಹೋಗಲಿಲ್ಲ.

ಸರಿ, ಗಾಡಿ ಬಂತಲ್ಲ, ಇನ್ನು ದುಡಿಯೋಣ ಅಂದರೆ ಲೋಡು ಎಲ್ಲಿ? ಪೊಲೀಸರಿಗೆ ಹೆದರುವವರು ಅಕ್ಕಿಯ ಕತೆ ಕೇಳಿ ದೂರ ಸರಿದರು. ಹೆದರದವರ ಮಾತು ಇನ್ನೂ ಕೆಟ್ಟದ್ದು. ನನಗೆ ದೊಡ್ಡಪ್ಪನ ವರಸೆಯ ಒಬ್ಬರಿದ್ದಾರೆ. ಕಾಫಿ, ಮೆಣಸಿನ ತೋಟದವರು, ನನ್ನ ಅರ್ಧ ಬಾಡಿಗೆ ಅವರ ಮನೆಯಿಂದಲೇ ಬರುತ್ತಿತ್ತು. ಕೇಳಲು ಹೋದೆ. ಅವರು ಜಗಲಿಯಿಂದ ಇಳಿಯದೆಯೇ ಹೇಳಿದರು:

"ಲೋಡು ಏನು ಅಂತ ಗೊತ್ತಿಲ್ಲದೆ ಗಾಡಿ ಎತ್ತಿದೆ ಅಂತ ಬರೆದುಕೊಟ್ಟಿದ್ದೀಯಂತೆ. ಅಂಥ ಡ್ರೈವರಿನ ಕೈಗೆ ನನ್ನ ಮೆಣಸು ಹೇಗಪ್ಪಾ ಕೊಡಲಿ?"

"ದೊಡ್ಡಪ್ಪ, ಅದು ಪೊಲೀಸರಿಗೆ ಹೇಳಿದ್ದು..."

"ಯಾರಿಗಾದರೂ ಹೇಳಿರು. ಹೇಳಿದವನು ನೀನೇ ತಾನೇ?"

ಗಾಡಿ ಉಳಿಸಿಕೊಳ್ಳಲು ಸಹಿ ಹಾಕಿದೆ, ಆ ಸಹಿಯೇ ಗಾಡಿಯ ಕೆಲಸ ತಿಂದುಹಾಕಿತು. ಕೈ ಇಟ್ಟು ಎಣಿಸುವ ಊರಿನಲ್ಲಿ ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಪೊಲೀಸರಿಗೆ ಮಾತ್ರ ಗೊತ್ತಿಲ್ಲ.

ಆಗ ಈ ರೇಸಿನ ಪೋಸ್ಟರು ಕಂಡಿತು. ಕುಯಿಲು ಮುಗಿದ ಬಯಲಿನಲ್ಲಿ ಕೆಸರು ಮಾಡಿ ಓಟ. ಜೀಪುಗಳಿಗೆ ಬೇರೆ, ಸ್ಟಾಕ್, ಅಂದರೆ ಕಂಪನಿ ಕೊಟ್ಟ ಹಾಗೇ ಇರುವ, ಪಿಕಪ್ಪಿಗೆ ಬೇರೆ. ಪಿಕಪ್ಪಿನ ಹಿಂಭಾಗ ಖಾಲಿ ಇದ್ದರೆ ಎಗರುತ್ತದೆ ಅಂತ ಹತ್ತು ಚೀಲ ಮಣ್ಣು ಹೇರಿ ಓಡಿಸಬೇಕು. ಮುಖ್ಯ ಅತಿಥಿ ನಮ್ಮ ದೊಡ್ಡಪ್ಪನೇ. ಸುತ್ತಲಿನ ತೋಟದವರೆಲ್ಲ ಬರುತ್ತಾರೆ. ಅವರ ಕಣ್ಣೆದುರು ಲೋಡು ಹೇರಿಕೊಂಡು ಗೆದ್ದು ತೋರಿಸಿದರೆ ಮತ್ತೆ ಕರೆಯದೆ ಎಲ್ಲಿಗೆ ಹೋಗುತ್ತಾರೆ ಅನ್ನುವುದು ನನ್ನ ಲೆಕ್ಕಾಚಾರ. ಹೆಂಡತಿಗೆ ಹೇಳಿದರೆ ಅವಳು ಮೊರದಿಂದ ಕಣ್ಣೆತ್ತದೆ, "ಕೆಸರಲ್ಲಿ ಬಿದ್ದೆದ್ದರೆ ಹೆಸರು ತೊಳೆದುಹೋಗುತ್ತಾ?" ಅಂದಳು. ಅವಳಿಗೆ ಏನು ಗೊತ್ತು ಅಂತ ಗೊಣಗಿದೆ.

ಒಂದು ವಾರ ನಮ್ಮ ಗದ್ದೆಗೇ ನೀರು ಬಿಟ್ಟು ಪ್ರಾಕ್ಟೀಸು ಮಾಡಿದೆ. ಹಿಂದಿನ ಟೈರಿನ ಗಾಳಿ ಅರ್ಧಕ್ಕೆ ಇಳಿಸಿದೆ. ಎರಡನೇ ಗೇರು, ಬ್ರೇಕ್ ಮುಟ್ಟಕೂಡದು, ಕ್ಲಚ್ ತುಳಿಯಕೂಡದು, ಹೊಂಡಕ್ಕೆ ಇಳಿಯುವ ಮೊದಲು ಇದ್ದ ಆಕ್ಸಿಲರೇಟರು ಏರುವ ತನಕ ಹಾಗೇ ಇರಬೇಕು. ಬಾಯಲ್ಲಿ ಹೇಳುವುದು ಸುಲಭ. ಲೋಡು ಹೇರಿ ಓಡಿಸುವ ಡ್ರೈವರಿನ ಕಾಲು ಗಾಡಿಯ ಹಿಂದೆ ಸಣ್ಣ ಸದ್ದಾದರೂ ತಾನಾಗಿ ಮೇಲೆ ಬರುತ್ತದೆ. ದಿನಾ ಎರಡು ಸಲ ಹೂತುಹೋಗುತ್ತಿದ್ದೆ. ಹೊತ್ತು ಮುಳುಗಿದ ಮೇಲೆ ನಮ್ಮ ಜೈನ ಗೌಡರ ಮನೆಗಳಲ್ಲಿ ಉಣ್ಣುವುದಿಲ್ಲ, ಹಾಗಾಗಿ ಹೆಂಡತಿ ಗದ್ದೆಯ ಬದುವಿನಲ್ಲಿ ನಿಂತು, "ಗಾಡಿ ಅಲ್ಲೇ ಬಿಡಿ, ಮೊದಲು ಊಟ ಮುಗಿಸಿ" ಅಂತ ಕೂಗುತ್ತಿದ್ದಳು. ನಾಲ್ಕೈದು ದಿನ ಮೊಣಕಾಲು ತನಕ ಕೆಸರಿಟ್ಟುಕೊಂಡೇ ಉಂಡದ್ದುಂಟು.

ಇಷ್ಟೆಲ್ಲ ಆದ ಮೇಲೆ ಶನಿವಾರ ಮಧ್ಯಾಹ್ನ ಆ ಪರೀಕ್ಷಕ ಪ್ಲೇಟು ತೆಗಿ ಅನ್ನುತ್ತಾನೆ. ವರ್ಕ್‌ಶಾಪಿಗೆ ಹೋದರೆ, "ಸೋಮವಾರ ಬಾ" ಅಂದರು. ನನ್ನ ಗಾಡಿಯ ಪ್ಲೇಟು ಬಿಚ್ಚಿ ಹಾಕಿ ಗೊತ್ತಿರುವ ಇನ್ನೊಬ್ಬ ಮನುಷ್ಯ ಯಾರು ಅಂತ ನನಗೆ ಗೊತ್ತಿತ್ತು. ತೋಲ್ಪೆಟ್ಟಿಯ ಕಾಡು ರಸ್ತೆಯಲ್ಲಿ ಪ್ಲೇಟು ಮುರಿದು ನಿಂತಾಗಲೆಲ್ಲ ಕೆಳಗೆ ನುಗ್ಗಿದವನು ಅವನೇ. ಸ್ಟೇರಿಂಗು ಹಿಡಿದುಕೊಂಡು ಐದು ನಿಮಿಷ ಸುಮ್ಮನೆ ಕೂತೆ. ಆಮೇಲೆ ಗುಡಿಸಲುಗಳ ಕಡೆ ತಿರುಗಿಸಿದೆ.

ಅಣ್ಣ ಗುಡಿಸಲಿನ ಮುಂದೆ ಬಿದಿರು ಸೀಳುತ್ತಾ ಕೂತಿದ್ದ. ಗಾಡಿಯ ಸದ್ದಿಗೆ ತಲೆ ಎತ್ತಲಿಲ್ಲ. ಅವನಿಗೆ ಆ ಸದ್ದು ಯಾವುದು ಅಂತ ನೋಡಬೇಕಾಗಿರಲಿಲ್ಲ.

"ಏನ್ ಗೌಡ್ರೇ, ದಾರಿ ತಪ್ಪಿತಾ?"

"ಪ್ಲೇಟು ತೆಗೆಯಬೇಕಿತ್ತು ಅಣ್ಣ."

"ಹಾಕೋದು ಬಿಟ್ಟು ತೆಗೆಯೋದಾ? ಕೆಲಸ ಇಲ್ಲದೆ ತಲೆ ಕೆಟ್ಟಿದೆ ನಿಮಗೆ."

ಎಲ್ಲ ಹೇಳಿದೆ. ರೇಸು, ಹತ್ತು ಚೀಲ, ಪಕ್ಕದಲ್ಲಿ ಕೂರಲು ಜನ ಬೇಕು ಅನ್ನುವುದು. ಹೇಳಬೇಕಾದ ಒಂದನ್ನು ಮಾತ್ರ ಹೇಳಲಿಲ್ಲ. ಅವನು ಬಿದಿರು ಕೆಳಗಿಟ್ಟು, "ಜಾಕಿ ತೆಗೀರಿ" ಅಂದ.

ಚಾಸಿಗೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿ, ಚಕ್ರ ಬಿಚ್ಚಿ, ಯು ಬೋಲ್ಟಿನ ನಟ್ಟುಗಳಿಗೆ ಡೀಸೆಲು ಹಚ್ಚಿ ನೆನೆಯಲು ಬಿಟ್ಟೆವು. ಒಂಬತ್ತು ವರ್ಷದ ತುಕ್ಕು. ಸ್ಪ್ಯಾನರಿಗೆ ಕಬ್ಬಿಣದ ಪೈಪು ತೊಡಿಸಿ ಇಬ್ಬರೂ ನೇತುಬಿದ್ದ ಮೇಲೆ ಒಂದೊಂದೇ ಕಿರುಗುಟ್ಟಿ ಬಿಟ್ಟುಕೊಂಡವು. ಪ್ಲೇಟು ತೆಗೆದ ಮೇಲೆ ಇನ್ನೊಂದು ತಾಪತ್ರಯ. ಕಟ್ಟು ತೆಳುವಾಗಿ ಯು ಬೋಲ್ಟು ಉದ್ದವಾಯಿತು, ನಟ್ಟು ಕೊನೆಯ ತನಕ ಹೋದರೂ ಬಿಗಿಯಲಿಲ್ಲ. ನಾನು ತಲೆ ಮೇಲೆ ಕೈ ಹೊತ್ತುಕೊಂಡೆ. ಅಣ್ಣ ಸೀಟಿನ ಹಿಂದಿನ ಡಬ್ಬಿ ಕೆದಕಿ ದಪ್ಪ ವಾಷರುಗಳನ್ನು ಆರಿಸಿ, ಒಂದೊಂದು ಬೋಲ್ಟಿಗೆ ಮೂರು ಮೂರು ಪೋಣಿಸಿ ಬಿಗಿ ಮಾಡಿದ. ಬಿಸಿಲು ಇಳಿಯುವ ಹೊತ್ತಿಗೆ ಮುಗಿಯಿತು. ನಾಲ್ಕು ಪ್ಲೇಟುಗಳು ಅವನ ಗುಡಿಸಲಿನ ಮುಂದೆಯೇ ಉಳಿದವು.

"ನಾಳೆ ಪಕ್ಕದಲ್ಲಿ ಕೂರ್ತೀಯಾ?" ಅಂದೆ.

"ಕೂರ್ತೀನಿ. ಸೋಮವಾರ ನನ್ನನ್ನ ಸ್ಟೇಷನ್ನಿಗೆ ಬಿಡಬೇಕು. ಬಸ್ಸಿಗೆ ನಾಲ್ಕು ಮೈಲಿ ನಡೀಬೇಕು."

ಆಯಿತು ಅಂದೆ. ಜಾಕಿ ಎತ್ತಿ ಸೀಟಿನ ಹಿಂದೆ ಇಟ್ಟೆ.

ಭಾನುವಾರ ಪರೀಕ್ಷಕ ಗಾಡಿ ಪಾಸು ಮಾಡಿದ. ಕ್ಲಬ್ಬಿನವರು ಹತ್ತು ಚೀಲ ಮಣ್ಣು ತಂದು ಹಾಕಿ, 'ಲೋಡು ಪರಿಶೀಲಿಸಿದ್ದೇನೆ' ಅನ್ನುವ ಕಾಗದ ಕೊಟ್ಟರು. ಉಳಿದ ಡ್ರೈವರುಗಳು ನೋಡದೆ ಗೀಚಿದರು. ಅಣ್ಣ ಮಾತ್ರ ಹಿಂದೆ ಹತ್ತಿ, ಮೊದಲನೆಯ ಚೀಲ ಸರಿಸಿ, ಅಭ್ಯಾಸಬಲದಿಂದ ಕೂಗಿದ, "ಒಂದು!"

ನನ್ನ ಕೈಯೂ ತಾನಾಗಿ ಹೋಯಿತು. "ಮಣ್ಣು!"

ಜನ ಗೊಳ್ಳೆಂದರು. ಅಣ್ಣ ನಿಲ್ಲಿಸಲಿಲ್ಲ. ನಾಲ್ಕು, ಐದು, ಆರು. ಅತಿಥಿಗಳ ಸಾಲಿನಿಂದ ದೊಡ್ಡಪ್ಪನ ದನಿ ಬಂತು: "ಇವತ್ತು ಒಳಗೆ ಏನಿದೆ ಅಂತ ಗೊತ್ತಾಯಿತೇನೋ?"

ಸುತ್ತ ನಿಂತವರೆಲ್ಲ ನಕ್ಕರು. ನನ್ನ ಕಿವಿ ಕಾದುಹೋಯಿತು. ಅಣ್ಣ ಯಾರ ಕಡೆಯೂ ನೋಡದೆ, "ಏಳು" ಅಂದ. ಒಂಬತ್ತನೆಯದರ ಮೇಲೆ ಕೈ ಇಟ್ಟರೆ ಒದ್ದೆ, ಉಳಿದವಕ್ಕಿಂತ ಭಾರ. ಅದನ್ನು ಹಿಂದಿನ ಆಕ್ಸಲಿನ ನೇರಕ್ಕೆ, ನಡುವೆ ಇಡಿಸಿ ಹಗ್ಗ ಬಿಗಿದೆವು.

ಓಟ ಶುರುವಾಯಿತು. ಒಬ್ಬೊಬ್ಬರಾಗಿ ಬಿಡುವುದು, ಮೂರು ಹೊಂಡ, ಹೊತ್ತು ಕಡಿಮೆ ತೆಗೆದುಕೊಂಡವನು ಗೆದ್ದ. ನನ್ನ ಮುಂದೆ ಹೋದ ನಾಲ್ವರಲ್ಲಿ ಇಬ್ಬರು ಹೂತುಹೋಗಿದ್ದರು. ನಾನು ಎರಡನೇ ಗೇರಿನಲ್ಲಿ ಎತ್ತಿದೆ. ಪ್ಲೇಟಿಲ್ಲದ ಗಾಡಿ ಮೆತ್ತಗೆ ಹೋಗುತ್ತಿತ್ತು, ಹಿಂದಿನ ಚಕ್ರ ನೆಲ ಕಚ್ಚಿ ಹಿಡಿಯುತ್ತಿತ್ತು. ಅಯ್ಯೋ, ಇಷ್ಟು ವರ್ಷ ಈ ಗಾಡಿ ಹೀಗೆ ಓಡುತ್ತದೆ ಅಂತ ಗೊತ್ತೇ ಇರಲಿಲ್ಲವಲ್ಲ ಅನಿಸಿತು. ಮೊದಲ ಹೊಂಡ ದಾಟಿತು. ಎರಡನೆಯದೂ ದಾಟಿತು. ಅಣ್ಣ ಕಿಟಕಿಯ ಮೇಲಿನ ಹಿಡಿಗೆ ಜೋತುಬಿದ್ದು, "ಬಿಡಬೇಡಿ, ಬಿಡಬೇಡಿ" ಅನ್ನುತ್ತಿದ್ದ.

ಮೂರನೆಯದಕ್ಕೆ ಇಳಿದಾಗ ಹಿಂದೆ ಧಡ್ ಅಂತ ಸದ್ದಾಯಿತು. ಏನೂ ಮುರಿದಿರಲಿಲ್ಲ. ಪ್ಲೇಟು ಕಡಿಮೆಯಾದ್ದರಿಂದ ಆಕ್ಸಲು ಮೇಲೆ ಬಂದು ಚಾಸಿಯ ರಬ್ಬರಿಗೆ ಬಡಿದದ್ದು, ಅಷ್ಟೇ. ಆದರೆ ನನ್ನ ಕಾಲಿಗೆ ಅದು ಎಲ್ಲಿ ಗೊತ್ತು? ಒಂಬತ್ತು ವರ್ಷದ ಅಭ್ಯಾಸ, ಕಾಲು ಮೇಲೆ ಬಂತು. ಅರೆ ಗಳಿಗೆ. ಅಷ್ಟರಲ್ಲಿ ಗಾಡಿ ನಿಂತಿತು, ಚಕ್ರ ತಿರುಗಿತು, ಬಾಗಿಲ ತನಕ ಹೂತುಹೋಯಿತು. ಗೆರೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

ಥೂ ಅಂತ ಸ್ಟೇರಿಂಗಿಗೆ ಗುದ್ದಿದೆ. ಅಳು ಬರುವ ಹಾಗಿತ್ತು. ಮೈಕಿನವನು ಮಲಯಾಳದಲ್ಲಿ ಏನೋ ತಮಾಷೆ ಮಾಡುತ್ತಿದ್ದ. ಟ್ರ್ಯಾಕ್ಟರು ಬಂದು ಸರಪಳಿ ಸಿಕ್ಕಿಸಿ ನಮ್ಮನ್ನು ಹಿಂದುಮುಂದಾಗಿ ಎಳೆಯತೊಡಗಿತು. ಹಾಗೆ ಜನರೆದುರು ಹಿಂದಕ್ಕೆ ಎಳೆಸಿಕೊಂಡು ಹೋಗುತ್ತಿರುವಾಗ ಬಾಯಿಬಿಟ್ಟೆ.

"ಅಣ್ಣ, ಆ ಕಾಗದಕ್ಕೆ ಸಹಿ ಹಾಕಿದ್ದು ನಾನು."

"ಗೊತ್ತು."

"ಯಾರು ಹೇಳಿದ್ರು?"

"ಮೊದಲನೇ ಸೋಮವಾರವೇ ಓದಿ ಹೇಳಿದ್ರು."

"ಮತ್ತೆ ನಿನ್ನೆ ಯಾಕೆ ಬಂದೆ?"

ಅವನು ಮುಖದ ಕೆಸರು ಒರೆಸಿಕೊಂಡ. "ನೀವು ಬಂದ್ರಲ್ಲ. ಮೂರು ತಿಂಗಳು ಬಂದಿರಲಿಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ದಿನ ಮನೆಗೆ ಹೋಗಿ ಹೆಂಡತಿಗೆ, "ನಾಳೆ ಗಾಡಿ ಬರದೆ ಇರಬಹುದು" ಅಂದೆ. ಅವಳು, "ಇಷ್ಟು ದಿನ ಇದ್ದಾದರೂ ಏನು ಮಾಡಿತು?" ಅಂದಳು.

ಸೋಮವಾರ ಇಬ್ಬರೂ ಸ್ಟೇಷನ್ನಿಗೆ ಹೋದೆವು. ಅಣ್ಣ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆ ನಾನು ಎಸ್‌.ಐ. ಮುಂದೆ ನಿಂತು, ನನ್ನ ಹೇಳಿಕೆ ತಪ್ಪು, ಬೇರೆ ಬರೆದುಕೊಡುತ್ತೇನೆ ಅಂದೆ.

ಅವರು ಪೆನ್ನು ಕೆಳಗಿಟ್ಟರು. "ತಿರುಗಿಸಿ ಬರೆದರೆ ಗಾಡಿ ಇಲ್ಲೇ ಉಳಿಯುತ್ತೆ. ಕೋರ್ಟಿನಿಂದ ಬಿಡಿಸಿಕೊಳ್ಳಬೇಕು. ಎಷ್ಟು ದಿನ ಅಂತ ನಾನು ಹೇಳೋಕಾಗಲ್ಲ. ಯೋಚನೆ ಮಾಡು."

ಮೂರು ತಿಂಗಳು ಅದನ್ನೇ ಮಾಡಿದ್ದೆ. ಬೆಂಚಿನ ಮೇಲೆ ಕೂತು ಬರೆದೆ. ಹನ್ನೊಂದು ಚೀಲ. ಎಲ್ಲದರಲ್ಲೂ ಅಕ್ಕಿ. ಒಂದೊಂದರ ಮೇಲೂ ಕೈ ಇಟ್ಟು ಎಣಿಸಿದವನು ನಾನು. ಇಳಿಸಿದ್ದು ಹಸಿದವರ ಗುಡಿಸಲಿಗೆ, ಗೊತ್ತಿದ್ದೇ ಇಳಿಸಿದ್ದು. ಬರೆದು ಸಹಿ ಹಾಕಿ, ಕೀಲಿಕೈಯನ್ನು ಕಾಗದದ ಮೇಲಿಟ್ಟೆ.

"ಇನ್ನು ಇವನು ಬರಬೇಕಾಗಿಲ್ಲ ಅಲ್ವಾ ಸಾರ್?"

ಎಸ್‌.ಐ. ಓದಿ ಮುಗಿಸಿ, ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದರು. "ಬರಬೇಕು. ಮುಂದಿನ ಸೋಮವಾರದಿಂದ ಇಬ್ಬರೂ ಬನ್ನಿ."

ಅಂದರೆ ನಾನು ಮಾಡಿದ್ದರಿಂದ ಅವನಿಗೂ ಏನೂ ಉಪಕಾರವಾಗಲಿಲ್ಲ, ನನ್ನ ಗಾಡಿಯೂ ಹೋಯಿತು. ಅಂಗಳದಲ್ಲಿ ಒಬ್ಬ ಪೊಲೀಸಿನವನು ಬಗ್ಗಿ ಗಾಡಿಯ ಹಿಂಭಾಗ ನೋಡುತ್ತಿದ್ದ. ಅಣ್ಣ ನನ್ನ ಕಿವಿಯಲ್ಲಿ, "ನೋಡ್ಲಿ ಬಿಡಿ, ಈಗ ಸ್ಟಾಕು" ಅಂದ. ಆ ಸಂಕಟದಲ್ಲೂ ನಗು ಬಂತು.

ಚಾಯ ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತಾ ಕೂತೆವು. ನಮ್ಮ ಕಡೆ ಸ್ಟೇಷನ್ನಿನ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರುತ್ತದೆ. ಎರಡನೆಯ ಚಾಯ ಮುಗಿಯುವುದರೊಳಗೆ ಫೋನು ಬಂತು, ದೊಡ್ಡಪ್ಪನದು.

"ಸರಿಯಾಗಿ ಬರೆದುಕೊಟ್ಟೆಯಂತೆ?"

"ಹೂಂ ದೊಡ್ಡಪ್ಪ."

"ಗುರುವಾರ ಮೂವತ್ತು ಚೀಲ ಮೆಣಸಿದೆ. ಬಂದು ಕೈ ಇಟ್ಟು ಎಣಿಸಿಕೊಂಡು ಹೋಗು."

"ಗಾಡಿ ಸ್ಟೇಷನ್ನಿನಲ್ಲಿದೆ."

"ಮೆಣಸು ಕೆಡೋದಿಲ್ಲ. ಅಟ್ಟದ ಮೇಲೆ ಇರುತ್ತೆ. ಗಾಡಿ ಯಾವಾಗ ಬರುತ್ತೋ ಆವಾಗ ಬಾ" ಅಂದು ಫೋನು ಇಟ್ಟರು.

ಕರೆಯುವವರು ಇಲ್ಲದಾಗ ಗಾಡಿ ಇತ್ತು, ಕರೆ ಬಂದಾಗ ಗಾಡಿ ಇಲ್ಲ. ಯಾರ ಮೇಲೆ ಸಿಟ್ಟು ಮಾಡಲಿ ಅಂತ ಗೊತ್ತಾಗದೆ ಗ್ಲಾಸನ್ನು ಕುಕ್ಕಿಟ್ಟೆ.

"ಏನಂತೆ?" ಅಂದ ಅಣ್ಣ.

"ಮೂವತ್ತು ಚೀಲ ಮೆಣಸು. ಗಾಡಿ ಬಂದ ಮೇಲೆ."

"ಮೂವತ್ತು ಅಂದ್ರೆ ಪ್ಲೇಟು ಬೇಕೇ ಬೇಕು."

"ಆ ಪ್ಲೇಟು ನಿನ್ನ ಗುಡಿಸಲ ಮುಂದೆ ಬಿದ್ದಿವೆ. ಇಬ್ಬನಿಗೆ ತುಕ್ಕು ಹಿಡಿದುಬಿಡುತ್ತೆ. ಹೋದ ತಕ್ಷಣ ಗ್ರೀಸ್ ಹಚ್ಚಿಡು ಅಣ್ಣ."

ಬಸ್ಸು ತಿರುವಿನಲ್ಲಿ ಕಂಡಿತು. ಅವನು ಎದ್ದು ಪಂಚೆ ಸರಿಮಾಡಿಕೊಂಡ.

"ಶನಿವಾರವೇ ಹಚ್ಚಿ, ಗೋಣಿಯಲ್ಲಿ ಸುತ್ತಿ ಇಟ್ಟಿದ್ದೀನಿ ಗೌಡ್ರೇ" ಅಂದ.